ಒಂದೂವರೆ ತೊಲೆ ಬೋರಮಾಳ

ದಾದರ್ ಸ್ಟೇಷನ್ನಿನ ಹೊರಗೆ ದ್ರಾಕ್ಷಿಯ ಗಾಡಿಗಳು ಕಾಣಿಸಿಕೊಂಡರೆ ನನಗೆ 2013ರ ಫೆಬ್ರವರಿಯ ಒಂದು ಭಾನುವಾರ ನೆನಪಾಗುತ್ತದೆ. ಅಪ್ಪ ತೀರಿಕೊಂಡು ಆಗ ನಾಲ್ಕು ತಿಂಗಳು. ಆರಾಧನೆ ಮುಗಿಸಿ ಡೊಂಬಿವಿಲಿಯ ಮನೆಗೆ ಬಂದು ಇನ್ನೂ ಅಂಗಿ ಬದಲಿಸಿರಲಿಲ್ಲ, ಬಾಗಿಲಲ್ಲಿ ಯಾರೋ ನಿಂತಿದ್ದರು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಒಂದು ಕಿಲೋ ದ್ರಾಕ್ಷಿ. ಗುರುತು ಹತ್ತಲು ತುಸು ಹೊತ್ತು ಬೇಕಾಯಿತು. ಮುಂಬಯಿಯ ಪರೇಲಿನ ವಠಾರದಲ್ಲಿ, ಅಂದರೆ ಚಾಳಿನಲ್ಲಿ, ನಮ್ಮ ಎದುರು ಖೋಲಿಯಲ್ಲಿದ್ದ ಕಾಕುವಿನ ಮಗಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಬೆಳಗಿನ ಜಾವ ನಲ್ಲಿಯ ಪಾಳಿಯಲ್ಲಿ ತಮ್ಮ ಹಂಡೆಯ ಹಿಂದೆ ನಮ್ಮ ಬಕೀಟನ್ನೂ ಇಡುತ್ತಿದ್ದ ಅಕ್ಕ.

ಚಹಾ ಕುಡಿಯುತ್ತ ಊರಿನ ಮಾತು, ಮಕ್ಕಳ ಮಾತು ಆಯಿತು. ಕಾಕು ಹೋದ ವರ್ಷ ತೀರಿಕೊಂಡಳಂತೆ. ಆಮೇಲೆ ಅಕ್ಕ ಕಪ್ಪು ಕೆಳಗಿಟ್ಟು, ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಂತೆ ಹೇಳಿದಳು: "ತಮ್ಮಾ, ಗಿರಣಿ ಸಂಪಿನ ಕಾಲದಾಗ ನಮ್ಮವ್ವ ನಿಮ್ಮಪ್ಪನ ಹತ್ರ ಬಂಗಾರದ ಬೋರಮಾಳ ಸರ ಇಟ್ಟಿದ್ಳಂತ. ಸಾಯೂ ಮುಂದ ಹೇಳಿದ್ಳು. ಬಾಕಿ ಎಷ್ಟದ ಹೇಳು, ಕೊಟ್ಟು ಬಿಡಿಸ್ಕೊಂಡು ಹೋಗ್ತೀನಿ."

ನಾನು ಏನು ಮಾಡಿದೆ ಎಂಬುದನ್ನು ಬರೆಯಲಿಕ್ಕೇ ಈ ಬರಹ.

"ಅಪ್ಪನ ಕಾಲದ ವ್ಯವಹಾರ ನನಗ ಗೊತ್ತಿಲ್ಲ ಅಕ್ಕಾ" ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರೀ ಸುಳ್ಳಾಗುತ್ತಿತ್ತು. ನಾನು ಎದ್ದು ಹೋಗಿ ಕಪಾಟಿನಿಂದ ಸತ್ಯವೇದವನ್ನು, ಅಂದರೆ ಬೈಬಲನ್ನು, ತೆಗೆದುಕೊಂಡು ಬಂದೆ. ಸಂಡೇ ಸ್ಕೂಲಿನ ಮಾಸ್ತರ ನಾನು, ಅದೇ ತಿಂಗಳು ಹುಡುಗರಿಗೆ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 18ನೇ ಅಧ್ಯಾಯದ ಪಾಠ ಮಾಡಿದ್ದೆ, ಗುರುತಿನ ಚೀಟಿ ಅಲ್ಲೇ ಇತ್ತು. ಮಗ ತಂದೆಯ ದೋಷವನ್ನು ಹೊರುವುದಿಲ್ಲ, ತಂದೆ ಮಗನ ದೋಷವನ್ನು ಹೊರುವುದಿಲ್ಲ ಎಂಬ 20ನೇ ವಚನವನ್ನು, ಯೆಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಮನೆತನದ ಆ ಹೆಂಗಸಿಗೆ, ಬೆರಳಿಟ್ಟು ಓದಿ ತೋರಿಸಿದೆ. ಅವಳು ಕೇಳಿಸಿಕೊಂಡಳು. ಉಳಿದ ಚಹಾ ಮುಗಿಸಿದಳು. "ಬರ್ತೀನಿ ತಮ್ಮಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ದ್ರಾಕ್ಷಿ ಹುಳಿಯಾಗಿದ್ದವು ಎಂದು ಬರೆದರೆ ಕಥೆಗೆ ಚೆನ್ನಾಗಿ ಹೊಂದುತ್ತಿತ್ತು. ಏನು ಮಾಡಲಿ, ಸಿಹಿಯಾಗಿದ್ದವು.

ಆ ಅಧ್ಯಾಯ ಶುರುವಾಗುವುದೇ ದ್ರಾಕ್ಷಿಯಿಂದ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋದವು. ಇಸ್ರಾಯೇಲ್ಯರ ಬಾಯಲ್ಲಿ ಓಡಾಡುತ್ತಿದ್ದ ಗಾದೆ ಇದು. ಎಳೆ ಹುಣಸೆಕಾಯಿ ಕಡಿದವರಿಗೆ ಹಲ್ಲು ಚಳಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಈ ಗಾದೆ ಹೇಳುತ್ತಿದ್ದವರು ಹಾಯಾಗಿ ಕೂತವರೂ ಅಲ್ಲ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಅರಸನನ್ನೂ ಕಮ್ಮಾರ ಬಡಗಿಗಳನ್ನೂ ಯಾಜಕರನ್ನೂ ಕಟ್ಟಿಕೊಂಡು ಹೋದ. ಹಾಗೆ ಹೋದವರಲ್ಲಿ ಯೆಹೆಜ್ಕೇಲನೂ ಒಬ್ಬ, ಯಾಜಕರ ಮನೆತನದವನು. ಕೆಬಾರ್ ಎಂಬ ಕಾಲುವೆಯ ದಂಡೆಯಲ್ಲಿ, ಪರರ ನಾಡಿನಲ್ಲಿ, ಆ ಜನ ಕೂತು ಲೆಕ್ಕ ಹಾಕುತ್ತಿದ್ದರು: ನಮಗೆ ಈ ಗತಿ ಯಾಕೆ ಬಂತು? ತಮ್ಮ ಹಿಂದಿನ ಅರಸ ಮನಸ್ಸೆ ಎಂಬವನು ಮಾಡಿದ ಪಾಪಗಳಿಂದ, ಅವನು ಹರಿಸಿದ ನಿರ್ದೋಷಿಗಳ ರಕ್ತದಿಂದ. ಅರಸುಗಳ ಎರಡನೆಯ ಪುಸ್ತಕವೂ ಅದನ್ನೇ ಹೇಳುತ್ತದೆ, ಅವರೇನೂ ಇಲ್ಲದ್ದನ್ನು ಹುಟ್ಟಿಸಿಕೊಂಡು ಹೇಳುತ್ತಿರಲಿಲ್ಲ. ಪ್ರಲಾಪಗಳ 5ನೇ ಅಧ್ಯಾಯದಲ್ಲಿ ಇದೇ ಮಾತು ಅಳುವಾಗಿ ಬರುತ್ತದೆ: ಪಾಪ ಮಾಡಿದ ಹಿರಿಯರು ಇಲ್ಲವಾದರು, ಅವರ ದೋಷದ ಹೊರೆ ನಮ್ಮ ಮೇಲಿದೆ.

ಹತ್ತನೇ ವಯಸ್ಸಿನಿಂದ ನಾನು ಸಿನಾಯಿ ಬೆಟ್ಟದ ಹತ್ತು ಆಜ್ಞೆಗಳನ್ನು ಬಾಯಿಪಾಠ ಒಪ್ಪಿಸಿದವನು. ಅಲ್ಲಿಯೇ ಇದೆ, ತಂದೆಗಳ ದೋಷಕ್ಕೆ ಮಕ್ಕಳನ್ನು ಮೂರು ನಾಲ್ಕು ತಲೆಮಾರಿನ ತನಕ ವಿಚಾರಿಸುವ ದೇವರು. ಅದರ ಬೆನ್ನಿಗೇ ಸಾವಿರ ತಲೆಗಳ ತನಕ ದಯೆ ತೋರಿಸುವ ಮಾತೂ ಇದೆ. ಭಯಪಡಿಸಲು ಕೂತವರು ಅಷ್ಟನ್ನು ನುಂಗಿಬಿಡುತ್ತಾರೆ. ಯೆಹೋಶುವನ 7ನೇ ಅಧ್ಯಾಯದ ಆಕಾನನನ್ನು ನೆನೆಯಿರಿ. ಯೆರಿಕೋದ ಕೊಳ್ಳೆಯಲ್ಲಿ ಒಂದು ನಿಲುವಂಗಿ, ಒಂದಿಷ್ಟು ಬೆಳ್ಳಿ, ಒಂದು ಬಂಗಾರದ ಗಟ್ಟಿ ಕದ್ದು ಡೇರೆಯೊಳಗೆ ಹೂತಿಟ್ಟ. ಅವನ ಜೊತೆ ಮಕ್ಕಳನ್ನೂ ದನಗಳನ್ನೂ ಆಕೋರಿನ ತಗ್ಗಿಗೆ ಒಯ್ದು ಕಲ್ಲೆಸೆದು ಕೊಂದರು. ಆದರೆ ಧರ್ಮೋಪದೇಶಕಾಂಡದ 24:16 ಇದಕ್ಕೆ ತಿರುಗಿ ನಿಲ್ಲುತ್ತದೆ: ಮಕ್ಕಳ ತಪ್ಪಿಗೆ ತಂದೆಗೂ ತಂದೆಯ ತಪ್ಪಿಗೆ ಮಕ್ಕಳಿಗೂ ಮರಣಶಿಕ್ಷೆ ಕೂಡದು. ಅರಸ ಅಮಚ್ಯನು ತನ್ನ ತಂದೆಯನ್ನು ಕೊಂದವರನ್ನು ಕೊಲ್ಲಿಸಿದಾಗ ಅವರ ಮಕ್ಕಳನ್ನು ಬಿಟ್ಟದ್ದು ಈ ನಿಯಮದ ಆಧಾರದಿಂದ ಎಂದು ಬರೆದಿದೆ. ಇವೆರಡನ್ನೂ ಹೊಂದಿಸಲು ನಮ್ಮ ಪಾಸ್ಟರ್ ಒಂದು ದಾರಿ ಹೇಳುತ್ತಾರೆ. ಕುಡುಕನ ಮನೆಯಲ್ಲಿ ಮಕ್ಕಳು ಉಪವಾಸ ಬೀಳುವುದು ಕುಡಿತದ ಫಲ, ಮಕ್ಕಳ ಅಪರಾಧವಲ್ಲ. ಫಲ ಮನೆತನದ್ದು, ಅಪರಾಧ ಒಬ್ಬನದು. ಅರ್ಧ ಒಪ್ಪುತ್ತೇನೆ. ಆಕಾನನ ಮಕ್ಕಳ ಮುಂದೆ ನಿಂತರೆ ಆ ಉತ್ತರ ಸಾಲುವುದಿಲ್ಲ.

ಯೆಹೆಜ್ಕೇಲನಿಗೆ ಈ ಜಗ್ಗಾಟವೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಗಾದೆಯನ್ನು ಇನ್ನು ಆಡಕೂಡದು ಅಂದ. ಅದೇ ಹೊತ್ತಿಗೆ ಅತ್ತ ಯೆರೂಸಲೇಮಿನಲ್ಲಿದ್ದ ಯೆರೆಮೀಯನ ಪುಸ್ತಕದಲ್ಲೂ ಇದೇ ಗಾದೆಯನ್ನು ಕೈಬಿಡುವ ಮಾತು ಬರುತ್ತದೆ. ನಾನು ಬಹಳ ವರ್ಷ ಇದನ್ನು ಬಿಡುಗಡೆಯ ಪತ್ರದಂತೆ ಓದಿದೆ: ಮಗನೇ, ನಿನ್ನ ಮೇಲೆ ಏನೂ ಇಲ್ಲ, ಹೋಗು. ಕನ್ನಡದಲ್ಲಿ ಅದಕ್ಕೆ ಸಿದ್ಧ ಮಾತೂ ಇದೆಯಲ್ಲ, ಮಾಡಿದ್ದುಣ್ಣೋ ಮಹರಾಯ. ಉಂಡವನು ಅಪ್ಪ, ಬಿಲ್ಲು ಅಪ್ಪನದು. ಆದರೆ ಪ್ರವಾದಿಯ ಮುಂದೆ ಕೂತವರು ಬಿಡುಗಡೆ ಕೇಳಲು ಬಂದವರಲ್ಲ. ಅವರು ಆಗಲೇ ತಮ್ಮನ್ನು ಬಿಡಿಸಿಕೊಂಡಿದ್ದರು, ಗಾದೆಯೇ ಅವರ ಬಿಡುಗಡೆ. ಅಪ್ಪಂದಿರ ಮೇಲೆ ಎಲ್ಲವನ್ನೂ ಹೊರಿಸಿ ಕೈಕಟ್ಟಿ ಕೂತಿದ್ದರು. ಆ ಗಾದೆಯನ್ನು ಕಿತ್ತುಕೊಂಡರೆ ಅವರ ಕೈಯಲ್ಲಿ ಉಳಿಯುವುದು ಇವತ್ತಿನ ದಿನ, ತಾವು ಮಾಡಿದ್ದು. ಜನ ಸಂತೋಷಪಡಲಿಲ್ಲ, ಕರ್ತನ ದಾರಿ ನ್ಯಾಯವಲ್ಲ ಎಂದು ತಿರುಗಿ ಬಿದ್ದರು. 25ನೇ ವಚನದಲ್ಲಿದೆ. ಬಿಡುಗಡೆ ಸಿಕ್ಕವರು ಹಾಗೆ ಜಗಳ ತೆಗೆಯುತ್ತಾರೆಯೇ?

ಇದು ನನಗೆ ತಿಳಿದದ್ದು 2024ರಲ್ಲಿ. ಹೇಗೆ ಎಂಬುದಕ್ಕೆ ಮೊದಲು ಚಾಳಿನ ಕಥೆ ಮುಗಿಸಬೇಕು.

1982ರ ಜನವರಿ 18ರಂದು ಬಟ್ಟೆ ಗಿರಣಿಗಳ ಸಂಪು ಶುರುವಾದಾಗ ನನಗೆ ಹನ್ನೆರಡು. ಸಂಪಿನ ಮುಂದಾಳು ದತ್ತಾ ಸಾಮಂತರ ಹೆಸರು ಗೋಡೆಗೋಡೆಯ ಮೇಲೆ. ಎರಡೂವರೆ ಲಕ್ಷ ಕಾರ್ಮಿಕರು, ಅರವತ್ತಕ್ಕೂ ಹೆಚ್ಚು ಗಿರಣಿಗಳು. ಬೆಳಗ್ಗೆ ಏಳಕ್ಕೆ ಊದುತ್ತಿದ್ದ ಗಿರಣಿಯ ಸೈರನ್, ಭೋಂಗಾ, ನಿಂತಿತು. ಗಡಿಯಾರವಿಲ್ಲದ ಚಾಳಿಗೆ ಹೊತ್ತೇ ತಿಳಿಯದಂತಾಯಿತು. ಅಪ್ಪ ಬೀದರ ಕಡೆಯಿಂದ ಬಂದು ರೈಲ್ವೆ ಸೇರಿದವರು, ಅವರಿಗೆ ತಿಂಗಳಿಗೆ ಸರಿಯಾಗಿ ಪಗಾರ. ಎದುರು ಖೋಲಿಯ ಕಾಕಾ ಗಿರಣಿಯ ಸಾಂಚಾದವನು, ಮಗ್ಗ ನಡೆಸುವವನು. ಮೊದಲು ಕಾಕು ಮನೆಯ ತಾಮ್ರದ ಹಂಡೆ ಹೋಯಿತು, ಆಮೇಲೆ ಹೊಲಿಗೆ ಯಂತ್ರ, ಕೊನೆಗೆ ಒಂದು ರಾತ್ರಿ ಅವಳು ಸೆರಗಿನೊಳಗೆ ಏನನ್ನೋ ಹಿಡಿದು ನಮ್ಮ ಖೋಲಿಗೆ ಬಂದಳು. ಅರಗು ತುಂಬಿದ ಬಂಗಾರದ ಗುಂಡು, ಕರಿ ದಾರದಲ್ಲಿ ಪೋಣಿಸಿದ ಬೋರಮಾಳ. ಅವಳ ತವರಿನದು. ಚಿನ್ನ ಹತ್ತು ಗ್ರಾಮಿಗೆ ಎರಡು ಸಾವಿರದೊಳಗೆ ಇದ್ದ ಕಾಲ. ಅಪ್ಪ ಹದಿನೈದು ನೂರು ಕೊಟ್ಟರು. ಬಡ್ಡಿ ಕೇಳಲಿಲ್ಲ, ಅದನ್ನು ಅವರ ಪರವಾಗಿ ಹೇಳಲೇಬೇಕು. ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಕೂಡದೆಂಬ ವಿಮೋಚನಕಾಂಡದ 22ನೇ ಅಧ್ಯಾಯ ಅವರಿಗೆ ಕಂಠಪಾಠ. ಅದರ ಮುಂದಿನ ವಚನದಲ್ಲಿ ನೆರೆಯವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡಬೇಕೆಂದಿದೆ. ಅವನ ಮೈಗೆ ಇರುವುದು ಅದೊಂದೇ ಹೊದಿಕೆ, ಮತ್ತೇನು ಹೊದ್ದು ಮಲಗಿಯಾನು ಎಂದು ದೇವರೇ ಕೇಳುತ್ತಾನೆ. ಇಡೀ ಧರ್ಮಶಾಸ್ತ್ರದಲ್ಲಿ ನನಗೆ ಅತ್ಯಂತ ಹತ್ತಿರದ ಸಾಲು ಅದು; ಶಾಸನ ಬರೆಯುವವನು ಬಡವನ ಚಳಿಯನ್ನು ನೆನೆಸಿಕೊಂಡದ್ದು.

ಸಂಪು ಮುಗಿಯಿತೆಂದು ಯಾರೂ ಸಾರಲಿಲ್ಲ, ಅದು ಹಾಗೇ ಸವೆದುಹೋಯಿತು. ಕಾಕಾನ ಗಿರಣಿ ಮತ್ತೆ ಬಾಗಿಲು ತೆರೆಯಲಿಲ್ಲ. ಆರುನೂರು ರೂಪಾಯಿ ತೀರಿಸಿ, 1984ರಲ್ಲಿ ಅವರು ಗಂಟುಮೂಟೆ ಕಟ್ಟಿ ಊರಿಗೆ ಹೋದರು. ಬೋರಮಾಳ ಅಪ್ಪನ ಟ್ರಂಕಿನಲ್ಲಿ ಹನ್ನೆರಡು ವರ್ಷ ಕಾಯಿತು. 1996ರಲ್ಲಿ ನನ್ನ ಮದುವೆ ಬಂತು. ಝವೇರಿ ಬಜಾರಿನಲ್ಲಿ ಅದನ್ನು ಕರಗಿಸಿ, ಮೇಲೆ ಒಂದಿಷ್ಟು ಬಂಗಾರ ಸೇರಿಸಿ, ಸೊಸೆಗೆ ಎರಡು ತೊಲೆಯ ಸರ ಮಾಡಿಸಿದರು.

ಇದೆಲ್ಲ ನನಗೆ ಹೇಗೆ ಗೊತ್ತು? ಅಪ್ಪ ತೀರಿಕೊಂಡ ವಾರದಲ್ಲೇ ಅವರ ಡೈರಿ ಓದಿದ್ದೆ. ಅಂದರೆ ಅಕ್ಕ ದ್ರಾಕ್ಷಿ ಹಿಡಿದು ಬಾಗಿಲಿಗೆ ಬರುವ ನಾಲ್ಕು ತಿಂಗಳು ಮುಂಚೆಯೇ ನನಗೆ ಗೊತ್ತಿತ್ತು.

ಆರೋನನ ಕಥೆ ಓದುವಾಗ ಸಂಡೇ ಸ್ಕೂಲಿನ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಮೋಶೆ ಬೆಟ್ಟದಿಂದ ಇಳಿದು ಬಂದು ಈ ಬಂಗಾರದ ಕರು ಎಲ್ಲಿಂದ ಬಂತು ಎಂದು ಕೇಳಿದರೆ, ಆರೋನ ಹೇಳುವುದು ಏನು? ಜನ ಕೆಟ್ಟವರೆಂದು ನಿನಗೇ ಗೊತ್ತಲ್ಲ. ಅವರು ಬಂಗಾರ ಕೊಟ್ಟರು, ನಾನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು. ತಾನಾಗಿಯೇ ಬಂತಂತೆ! ಅದಕ್ಕೂ ಮುಂಚೆಯೇ, ಅದೇ ಅಧ್ಯಾಯದ ನಾಲ್ಕನೇ ವಚನದಲ್ಲಿ, ಅವನು ಉಳಿ ಹಿಡಿದು ಕೆತ್ತಿದ್ದನ್ನು ನಾವು ಓದಿ ಮುಗಿಸಿರುತ್ತೇವೆ. ಏದೆನಿನ ಆದಾಮನದು ಇನ್ನೂ ಜಾಣ ಉತ್ತರ, ನೀನು ಕೊಟ್ಟ ಹೆಂಗಸು ಎಂದು ಒಂದೇ ಉಸಿರಿನಲ್ಲಿ ಹೆಂಡತಿಯನ್ನೂ ದೇವರನ್ನೂ ಸಿಕ್ಕಿಸುತ್ತಾನೆ. ಅರಸ ಸೌಲ ತನ್ನ ತಪ್ಪಿಗೆ ಸೈನಿಕರನ್ನು ಮುಂದೆ ಮಾಡುತ್ತಾನೆ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತ ಬೋಗುಣಿಯಲ್ಲಿ ಕೈ ತೊಳೆಯುತ್ತಾನೆ. ಇವರೆಲ್ಲರ ಸಾಲಿನಲ್ಲಿ ನನ್ನ ಜಾಗ ಯಾವುದು? ಇವರಾರೂ ಪಾರಾಗಲು ದೇವರ ವಾಕ್ಯವನ್ನೇ ಎತ್ತಿ ತೋರಿಸಲಿಲ್ಲ. ಆ ವಿದ್ಯೆ ಅಡವಿಯಲ್ಲಿ ಯೇಸುವನ್ನು ಶೋಧಿಸಿದ ಸೈತಾನನದು.

2024ರ ಜೂನಿನಲ್ಲಿ ಪಾಠದ ಸರದಿ ಸುತ್ತಿ ಮತ್ತೆ ಯೆಹೆಜ್ಕೇಲ ಬಂದ. ನಮ್ಮದು ಮರಾಠಿ ಸಭೆಯ ದೇವಾಲಯದಲ್ಲಿ ಮಧ್ಯಾಹ್ನ ಸೇರುವ ಕನ್ನಡ ಸಭೆ. ಹುಡುಗರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುವುದು ಇಂಗ್ಲಿಷು, ಜಗಳವಾಡುವುದು ಮರಾಠಿ. ಸತ್ಯವೇದದ ಹಳೆಗಾಲದ ಪದ ಬಂದಾಗೆಲ್ಲ ನಾನು ಪೆನ್ಸಿಲಿನಿಂದ ಅಂಚಿನಲ್ಲಿ ಮರಾಠಿ ಪದ ಬರೆದುಕೊಂಡು ಹೋಗುವುದು ವಾಡಿಕೆ. ಶನಿವಾರ ರಾತ್ರಿ ಹಾಗೆ ಬರೆಯುತ್ತಾ 7ನೇ ವಚನಕ್ಕೆ ಬಂದೆ. ನೀತಿವಂತನು ಯಾರು? ಸಾಲಗಾರನ ಒತ್ತೆಯನ್ನು ಹಿಂದಕ್ಕೆ ಕೊಡುವವನು. ಒತ್ತೆ ಎಂಬುದು ನಮ್ಮ ಹುಡುಗರಿಗೆ ತಿಳಿಯುವ ಮಾತಲ್ಲ. ಅಂಚಿನಲ್ಲಿ ಬರೆದೆ: ಗಹಾಣ.

ಬರೆದ ಕೈ ಅಲ್ಲೇ ನಿಂತಿತು. ಅಪ್ಪನ ಡೈರಿಯಲ್ಲಿ ಕನ್ನಡ ಲಿಪಿಯಲ್ಲಿದ್ದ ಮರಾಠಿ ಪದ ಅದೇ. "ಗಹಾಣ, ಬೋರಮಾಳ 1, ಒಂದೂವರೆ ತೊಲೆ."

ಮುಂದೆ ಓದಿದೆ. 12ನೇ ವಚನ, ಕೆಟ್ಟ ಮಗ ಒತ್ತೆಯನ್ನು ಹಿಂದಕ್ಕೆ ಕೊಡುವುದಿಲ್ಲ. 16ನೇ ವಚನ, ಅವನ ಮಗ ಒತ್ತೆಯನ್ನು ಇಟ್ಟುಕೊಳ್ಳುವುದಿಲ್ಲ. ಒಂದೇ ಅಧ್ಯಾಯದಲ್ಲಿ ಮೂರು ಸಲ. 20ನೇ ವಚನಕ್ಕೆ ಚೀಟಿ ಇಟ್ಟು ಮೇಲಿನ ಹತ್ತೊಂಬತ್ತನ್ನು ನಾನು ಹಾರಿಕೊಂಡು ಹೋಗಿದ್ದೆ. ಎಲ್ಲಕ್ಕಿಂತ 14ನೇ ವಚನ: ಆ ಮಗ ತಂದೆ ಮಾಡಿದ ಪಾಪಗಳನ್ನೆಲ್ಲ ನೋಡುತ್ತಾನೆ, ನೋಡಿ, ಹಾಗೆ ಮಾಡುವುದಿಲ್ಲ. ತಂದೆಯ ದೋಷ ಹೊರದೆ ಬದುಕುವ ಮಗ ಏನೂ ಅರಿಯದವನಲ್ಲ, ಡೈರಿ ಓದಿದವನು.

ಆಸ್ತಿಯ ಕಾಗದಗಳಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಬರೆಯುತ್ತಾರಲ್ಲ. ಬೋರಮಾಳ ನನಗೆ ಪಿತ್ರಾರ್ಜಿತವಾಗಿ ಬಂತು. ಪಾಪ ಮಾತ್ರ ಪೂರಾ ಸ್ವಯಾರ್ಜಿತ. ಆ ಭಾನುವಾರ, ನನ್ನದೇ ಹಾಲಿನಲ್ಲಿ, ಎರಡು ಕಪ್ಪು ಚಹಾದ ನಡುವೆ ಗಳಿಸಿದ್ದು. ಅಪ್ಪ ಹನ್ನೆರಡು ವರ್ಷ ದಾರಿ ನೋಡಿದರು, ವಿಳಾಸ ಹುಡುಕಲಿಲ್ಲ, ಮಗನ ಮದುವೆಯ ಖರ್ಚಿಗೆ ಸೋತರು. ಅದರ ತೀರ್ಪು ನನ್ನ ಕೈಯಲ್ಲಿಲ್ಲ. ಅವರ ಬಾಗಿಲಿಗೆ ಯಾರೂ ಬಂದು ಕೇಳಿರಲಿಲ್ಲ. ನನ್ನ ಬಾಗಿಲಿಗೆ ಬಂದಿದ್ದರು.

ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯಿಸಿದ ದಾವೀದನಿಗೆ ಪ್ರವಾದಿ ನಾತಾನ ಬಡವನ ಕುರಿಮರಿಯ ಕಥೆ ಹೇಳಿದಾಗ, ದಾವೀದ ಕೆಂಡವಾಗಿ ತೀರ್ಪು ಕೊಡುತ್ತಾನೆ: ಒಂದಕ್ಕೆ ನಾಲ್ಕರಷ್ಟು ಕೊಡಲಿ. ಆ ಮನುಷ್ಯನು ನೀನೇ ಎಂಬ ಮಾತು ಬಿದ್ದ ಮೇಲೆ ಅವನ ಬಾಯಿಂದ ಹೊರಡುವುದು ಹೀಬ್ರೂವಿನಲ್ಲಿ ಎರಡೇ ಪದ. ಯೆಹೋವನಿಗೆ ಪಾಪ ಮಾಡಿದ್ದೇನೆ. ಕರು ತಾನಾಗಿ ಬಂತು ಎನ್ನುವುದಿಲ್ಲ. ಆಮೇಲೆ ಅವನ ಕೂಸು ಸಾಯುತ್ತದೆ. ಯೆಹೆಜ್ಕೇಲನನ್ನು ಓದಿದವನಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೆ ಇವತ್ತಿಗೂ ಇಳಿದಿಲ್ಲ.

ಪಾಸ್ಟರ್ ಹತ್ತಿರ ಹೋದೆ. ಯೇಸು ನಮ್ಮ ಪಾಪ ಹೊತ್ತಿದ್ದಾನೆ, ಅರಿಕೆ ಮಾಡು, ಸಮಾಧಾನದಿಂದಿರು ಅನ್ನುತ್ತಾರೇನೋ ಎಂಬ ಆಸೆ, ಸುಳ್ಳು ಯಾಕೆ ಹೇಳಲಿ, ಒಳಗಿತ್ತು. ಅವರು ಅರಣ್ಯಕಾಂಡದ 5ನೇ ಅಧ್ಯಾಯ ತೆಗೆಯಲು ಹೇಳಿದರು. ಅರಿಕೆ ಮಾಡಬೇಕು, ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು ಐದನೆಯ ಒಂದು ಪಾಲು ಕೂಡಿಸಬೇಕು, ನಷ್ಟಪಟ್ಟವನು ಇಲ್ಲದಿದ್ದರೆ ಅವನ ಹತ್ತಿರದವರಿಗೆ ಕೊಡಬೇಕು. "ಕಾಕು ಇಲ್ಲ ಅನ್ನೋ ಮಾತೂ ನಡಿಯಂಗಿಲ್ಲ ನೋಡ್ರಿ" ಅಂದರು. ಯೇಸುವಿನ ಕ್ರೂಜೆಯ, ಅಂದರೆ ಶಿಲುಬೆಯ, ಮಾತು ನಾನು ಕೇಳಿದ್ದಕ್ಕೆ, ಅದರಿಂದ ಕ್ಷಮೆ ಸಿಗುತ್ತದೆ, ಆದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂಬ ಮಾತು ಸುಂಕದವನಾದ ಜಕ್ಕಾಯನೇ ಕೊಟ್ಟ ಎಂದರು. ನಾವು ದಿನವೂ ಹೇಳುವ ಪ್ರಾರ್ಥನೆಯಲ್ಲಿ ತಪ್ಪುಗಳನ್ನು ಕ್ಷಮಿಸು ಎಂದು ಬರುವಲ್ಲಿ, ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವುದು ಸಾಲ ಎಂಬ ಅರ್ಥದ ಪದ; ಯೇಸು ಆಡುತ್ತಿದ್ದ ಅರಮಾಯ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಮಾತಂತೆ. ನಮ್ಮ ಕನ್ನಡದಲ್ಲಿ ಪಾಪಕ್ಕೂ ಕನಿಕರಕ್ಕೂ ಒಂದೇ ಮಾತು. ಅಯ್ಯೋ ಪಾಪ. ಹನ್ನೊಂದು ವರ್ಷ ನಾನು ನನ್ನ ಬಗ್ಗೆ ಎರಡನೆಯ ಅರ್ಥದಲ್ಲೇ ಬದುಕಿದ್ದೆ.

ಕಷ್ಟವಾದದ್ದು ಹೆಂಡತಿಗೆ ಹೇಳುವುದು. ಪೂರ್ತಿ ಕೇಳಿದಳು. ಕೈ ಹಿಂದೆ ಹಾಕಿ ಕೊಂಡಿ ಬಿಚ್ಚಿ ಸರವನ್ನು ಮೇಜಿನ ಮೇಲಿಟ್ಟಳು. "ಇಷ್ಟ್ ವರ್ಷ ಇದನ್ನ ನನ್ನ ಕೊರಳಾಗ ಇಟ್ಟು ನೀವು ಹುಡುಗರಿಗೆ ಪಾಠ ಹೇಳ್ತಿದ್ರಿ?" ಎಂದಳು. ಒಂದೂವರೆ ತೊಲೆಗೆ ಐದನೆಯ ಪಾಲು ಕೂಡಿಸಿದರೆ ಒಂದು ಮುಕ್ಕಾಲು ತೊಲೆಗೆ ತುಸು ಹೆಚ್ಚು ಎಂದು ನಾನು ಕಾಗದದ ಮೇಲೆ ಲೆಕ್ಕ ಮಾಡಿದರೆ, ತುಂಡು ಮಾಡಬೇಡಿ, ಹಾಗೇ ಕೊಟ್ಟು ಬನ್ನಿ ಎಂದಳು. ಅವತ್ತಿನಿಂದ ಎರಡು ವಾರ ನನ್ನ ಜೊತೆ ಮಾತಿಲ್ಲ.

ಅಕ್ಕನ ಮನೆ ಅಂಬರನಾಥದಲ್ಲಿ. ಹಳೆಯ ಚಾಳಿನವರನ್ನು ಕೇಳಿ ಕೇಳಿ ಹುಡುಕಿದೆ. ಡೊಂಬಿವಿಲಿಯಿಂದ ಐದೇ ಸ್ಟೇಷನ್ನು. ಒಳಗೆ ಕರೆದಳು. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಮರೆತು, "ಅಕ್ಕಾ, ಅವತ್ತ ನನಗ ಗೊತ್ತಿತ್ತು" ಎಂದಷ್ಟೇ ಹೇಳಿ ಸರದ ಡಬ್ಬಿಯನ್ನೂ ಡೈರಿಯನ್ನೂ ಮುಂದಿಟ್ಟೆ.

ಅವಳು ಸರ ಮುಟ್ಟಲಿಲ್ಲ. ಡೈರಿ ಎತ್ತಿಕೊಂಡಳು. ಅಪ್ಪನ ಅಕ್ಷರವನ್ನು ಬಹಳ ಹೊತ್ತು ನೋಡಿದಳು. "ಬಂಗಾರದ್ದಲ್ಲ ತಮ್ಮಾ. ನೀ ಕೊಡಾಂಗಿಲ್ಲ ಅಂದಿದ್ರ ಬೈಕೋತ ಹೋಗ್ತಿದ್ದೆ. ನೀ ದೇವರ ಪುಸ್ತಕ ತಗದು ಓದಿದಿ. ಅದಕ್ಕ ನಾ ಏನು ಅನ್ಲಿ?" ಎಂದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಎದ್ದು ಒಳಗೆ ಹೋದಳು. ಡಬ್ಬದ ಸಪ್ಪಳ ಕೇಳಿಸಿತು. ಬಂದು ನನ್ನ ಮುಂದೆ ನೂರರ ಒಂಬತ್ತು ನೋಟು ಎಣಿಸಿ ಇಟ್ಟಳು. ಹದಿನೈದು ನೂರರಲ್ಲಿ ಆರುನೂರು ಹೋಗಿ ಉಳಿದದ್ದು. ಬೇಡವೇ ಬೇಡ ಎಂದು ನಾನು ಕೈ ಮುಗಿದರೂ ಬಿಡಲಿಲ್ಲ. "ನಮ್ಮವ್ವನ ಬಾಕಿ ಅದು. ತಗೋ. ತಗೊಂಡು ಚುಕ್ತಾ ಅಂತ ಬರದು ಕೊಡು."

ಅಪ್ಪನ ಸಾಲಿನ ಕೆಳಗೆ ತಾರೀಖು ಹಾಕಿ ಚುಕ್ತಾ ಎಂದು ಬರೆದೆ. ಅದರ ಮುಂದೆ ಅಭ್ಯಾಸಬಲದಿಂದ ಅಪ್ಪನ ಹೆಸರಿನ ಮೊದಲ ಅಕ್ಷರ ಬಿದ್ದಿತ್ತು. ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದವಳು ಅಲ್ಲಿ ಬೆರಳಿಟ್ಟಳು.

"ಅವರದ್ಯಾಕ? ನಿನ್ನ ಹೆಸರು ಹಾಕು."